ನಿಗದಿತ ಕೆಲಸಗಳು ಓಡದಿದ್ದಾಗ: ಟಾಸ್ಕ್ ಶೆಡ್ಯೂಲರ್ ಮತ್ತು ಕ್ರಾನ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಹೇಳಿದ ಸಮಯಕ್ಕೆ ಕೆಲಸಗಳನ್ನು ತಾವಾಗಿ ಆರಂಭಿಸುವ ಶೆಡ್ಯೂಲರ್‌ಗಳಾದ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ ಹಾಗೂ ಲಿನಕ್ಸ್‌ನ ಕ್ರಾನ್ ಮೂಲಕ ಬ್ಯಾಕಪ್, ವರದಿ, ಫೈಲ್ ವರ್ಗಾವಣೆಯಂಥ ಕೆಲಸಗಳನ್ನು ಓಡಿಸುವವರು ಎದುರಿಸುವ ತೊಂದರೆಗಳಿಗೆ ಇಲ್ಲಿ ಉತ್ತರಗಳಿವೆ. ಸ್ಕ್ರಿಪ್ಟ್ (ಆಜ್ಞೆಗಳ ಸಾಲುಗಳಿರುವ ಫೈಲ್) ಬರೆಯುವುದು ಹೇಗೆ ಎಂಬುದು ಈ ಪುಟದ ವಿಷಯವಲ್ಲ. ಬರೆದ ಸ್ಕ್ರಿಪ್ಟ್ ಯಾರೂ ಇಲ್ಲದ ಹೊತ್ತಿನಲ್ಲಿ ಏಕೆ ಕೈಕೊಡುತ್ತದೆ ಎಂಬುದಷ್ಟೇ ವಿಷಯ.

"ರಾತ್ರಿಯ ಕೆಲಸ ಓಡಲಿಲ್ಲ" ಎಂಬ ದೂರು ಬಂದಾಗ ಮೊದಲು ಏನನ್ನು ನೋಡಬೇಕು?

"ಓಡಲಿಲ್ಲ" ಎಂಬ ಮಾತಿನ ಹಿಂದೆ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿರುತ್ತವೆ. ಶೆಡ್ಯೂಲರ್ ಆ ಕೆಲಸವನ್ನು ಆರಂಭಿಸಲೇ ಇಲ್ಲದಿರಬಹುದು. ಆರಂಭಿಸಿದರೂ ಸ್ಕ್ರಿಪ್ಟ್ ನಡುವೆಯೇ ನಿಂತಿರಬಹುದು. ಅಥವಾ ಸ್ಕ್ರಿಪ್ಟ್ ಕೊನೆಯವರೆಗೂ ಓಡಿ, ಆಗಬೇಕಾದ ಕೆಲಸ ಮಾತ್ರ ಆಗದೆ ಉಳಿದಿರಬಹುದು. ಇವುಗಳಲ್ಲಿ ಯಾವುದು ನಡೆದಿದೆ ಎಂದು ತಿಳಿಯದೆ ಸ್ಕ್ರಿಪ್ಟಿಗೆ ಕೈ ಹಾಕಿದರೆ, ಕೆಟ್ಟಿಲ್ಲದ ಭಾಗವನ್ನು ತಿದ್ದುತ್ತ ಅರ್ಧ ದಿನ ಕಳೆಯುವುದು ಖಚಿತ.

ವಿಂಡೋಸ್‌ನಲ್ಲಿ ಕೆಲಸಗಳ ಇತಿಹಾಸವನ್ನು ದಾಖಲಿಸುವ ಸೌಲಭ್ಯ ಸಾಮಾನ್ಯವಾಗಿ ಮೊದಲಿನಿಂದ ಆಫ್ ಆಗಿರುತ್ತದೆ. ಟಾಸ್ಕ್ ಶೆಡ್ಯೂಲರ್ ಕಿಟಕಿಯ ಬಲಬದಿಯಲ್ಲಿ ಎಲ್ಲ ಕೆಲಸಗಳ ಹಿಸ್ಟರಿಯನ್ನು ಆನ್ ಮಾಡುವ ಆಯ್ಕೆ ಇದೆ. ಹೊಸ ಸರ್ವರ್ ಕೈಗೆ ಬಂದ ದಿನವೇ ಅದನ್ನು ಒತ್ತಿಬಿಡುವುದು ಒಳ್ಳೆಯದು. ಆಮೇಲೆ ಈವೆಂಟ್ ಸಂಖ್ಯೆಗಳೇ ಕಥೆ ಹೇಳುತ್ತವೆ: 100 ಎಂದರೆ ಕೆಲಸ ಆರಂಭವಾಯಿತು, 200 ಮತ್ತು 201 ಎಂದರೆ ಅದರೊಳಗಿನ ಪ್ರೋಗ್ರಾಂ ಆರಂಭವಾಗಿ ಮುಗಿಯಿತು, 102 ಎಂದರೆ ಕೆಲಸ ಮುಗಿಯಿತು. 101 ಬಂದಿದ್ದರೆ ಆರಂಭಿಸುವ ಪ್ರಯತ್ನವೇ ವಿಫಲವಾಗಿದೆ. 322 ಬಂದಿದ್ದರೆ ಹಿಂದಿನ ಸರದಿ ಇನ್ನೂ ಓಡುತ್ತಿದ್ದುದರಿಂದ ಹೊಸ ಸರದಿಯನ್ನು ಕೈಬಿಡಲಾಗಿದೆ.

ಲಿನಕ್ಸ್‌ನಲ್ಲಿ ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಾದರೆ /ವಾರ್/ಲಾಗ್/ಕ್ರಾನ್ ಫೈಲಿನಲ್ಲಿ, ಡೆಬಿಯನ್ ಮತ್ತು ಉಬುಂಟುಗಳಾದರೆ ಸಿಸ್‌ಲಾಗ್‌ನಲ್ಲಿ ಅಥವಾ ಜರ್ನಲ್‌ನಲ್ಲಿ ಕ್ರಾನ್‌ನ ದಾಖಲೆ ಸಿಗುತ್ತದೆ. ಡೆಬಿಯನ್ ಬಳಗದಲ್ಲಿ ಸಾಮಾನ್ಯವಾಗಿ ಸಿಗುವುದು ಆಜ್ಞೆ ಆರಂಭವಾದ ಸಾಲು ಮಾತ್ರ. ಅದು ಯಶಸ್ವಿಯಾಯಿತೇ ಇಲ್ಲವೇ ಎಂಬುದು ಅಲ್ಲಿ ಇರುವುದಿಲ್ಲ.

ಕೈಯಿಂದ ಓಡಿಸಿದರೆ ಸರಿಯಾಗಿ ಓಡುವ ಸ್ಕ್ರಿಪ್ಟ್ ನಿಗದಿತ ಸಮಯಕ್ಕೆ ಮಾತ್ರ ಏಕೆ ಬೀಳುತ್ತದೆ?

ನಮಗೆ ಬರುವ ದೂರುಗಳಲ್ಲಿ ಅತಿ ಹೆಚ್ಚು ಈ ಬಗೆಯವೇ. ನೀವು ಟರ್ಮಿನಲ್ ತೆರೆದು ಸ್ಕ್ರಿಪ್ಟ್ ಓಡಿಸುವಾಗ ನಿಮ್ಮ ಲಾಗಿನ್, ನಿಮ್ಮ ಪಾತ್ (ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ), ನಿಮ್ಮ ಫೋಲ್ಡರ್, ನಿಮ್ಮ ನೆಟ್‌ವರ್ಕ್ ಡ್ರೈವ್‌ಗಳು ಎಲ್ಲವೂ ಜೊತೆಗಿರುತ್ತವೆ. ಶೆಡ್ಯೂಲರ್ ಓಡಿಸುವಾಗ ಅವುಗಳಲ್ಲಿ ಯಾವುದೂ ಇರಬೇಕೆಂದಿಲ್ಲ.

ಕ್ರಾನ್ ನಿಮ್ಮ ಬ್ಯಾಷ್ ಪ್ರೊಫೈಲನ್ನು (ಲಾಗಿನ್ ಆದಾಗ ಜಾರಿಗೆ ಬರುವ ಸೆಟ್ಟಿಂಗ್ ಫೈಲನ್ನು) ಓದುವುದಿಲ್ಲ. ಅದರ ಪಾತ್ ಬಹುತೇಕ ಕಡೆ ಎರಡೇ ಫೋಲ್ಡರ್‌ಗಳಷ್ಟು ಚಿಕ್ಕದು, ಅಂದರೆ /ಯೂಸರ್/ಬಿನ್ ಮತ್ತು /ಬಿನ್. ಹೀಗಾಗಿ /ಯೂಸರ್/ಲೋಕಲ್/ಬಿನ್‌ನಲ್ಲಿ ಅಥವಾ ನಿಮ್ಮ ಹೋಮ್ ಫೋಲ್ಡರಿನಲ್ಲಿ ಕೂರಿಸಿಕೊಂಡ ಪೈಥಾನ್, ನೋಡ್ ಮುಂತಾದವು ಅದಕ್ಕೆ ಸಿಗುವುದಿಲ್ಲ. ಅದು ಬಳಸುವ ಶೆಲ್ (ಆಜ್ಞೆಗಳನ್ನು ಓದಿ ಓಡಿಸುವ ಪ್ರೋಗ್ರಾಂ) ಕೂಡ ಬ್ಯಾಷ್ ಅಲ್ಲ, /ಬಿನ್/ಎಸ್‌ಎಚ್. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅದರ ಹಿಂದೆ ಇರುವುದು ಡ್ಯಾಷ್, ಹಾಗಾಗಿ ಎರಡು ಚೌಕ ಆವರಣದ ಪರೀಕ್ಷೆಯಂಥ ಬ್ಯಾಷ್‌ಗೆ ಮಾತ್ರ ಗೊತ್ತಿರುವ ಬರವಣಿಗೆ ಅಲ್ಲಿ ಮುರಿದು ಬೀಳುತ್ತದೆ. ವಿಂಡೋಸ್‌ನಲ್ಲಿ "ಸ್ಟಾರ್ಟ್ ಇನ್" ಎಂಬ ಅಂಕಣವನ್ನು ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಸಿಸ್ಟಂ32 ಫೋಲ್ಡರಿನಲ್ಲಿ ನಿಂತು ಓಡತೊಡಗುತ್ತದೆ, "ಡೇಟಾ.ಸಿಎಸ್‌ವಿ" ಎಂದು ಬರೀ ಹೆಸರಿನಿಂದ ಕರೆದ ಫೈಲನ್ನು ಅಲ್ಲೇ ಹುಡುಕುತ್ತದೆ.

ಊಹಿಸುವ ಬದಲು ಅಳೆದು ನೋಡುವುದು ಸುಲಭ. ಲಿನಕ್ಸ್‌ನಲ್ಲಿ ಪ್ರತಿ ನಿಮಿಷ ಓಡುವ ಒಂದು ತಾತ್ಕಾಲಿಕ ಸಾಲನ್ನು ಕ್ರಾನ್‌ಟ್ಯಾಬ್‌ಗೆ (ಕ್ರಾನ್‌ನ ಕೆಲಸಗಳ ಪಟ್ಟಿಯಿರುವ ಫೈಲಿಗೆ) ಸೇರಿಸಿ, ಪರಿಸರ ಚರಗಳನ್ನು ತೋರಿಸುವ "ಎನ್ವ್" ಆಜ್ಞೆಯ ಫಲಿತಾಂಶವನ್ನು ಒಂದು ಫೈಲಿಗೆ ಬರೆಸಿ, ಅದನ್ನು ನಿಮ್ಮ ಟರ್ಮಿನಲ್‌ನ "ಎನ್ವ್" ಜೊತೆ ಡಿಫ್ ಮಾಡಿ, ಅಂದರೆ ಹೋಲಿಸಿ. ವಿಂಡೋಸ್‌ನಲ್ಲಿ "ಹೂಆಮ್‌ಐ" ಮತ್ತು "ಸೆಟ್" ಆಜ್ಞೆಗಳ ಫಲಿತಾಂಶವನ್ನು ಅದೇ ಬಗೆಯಲ್ಲಿ, ಅದೇ ಖಾತೆಯ ಹೆಸರಿನಲ್ಲಿ, ಒಂದು ನಿಗದಿತ ಕೆಲಸದ ಮೂಲಕ ಬರೆಸಿ. ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಬಹುಪಾಲು ದೂರುಗಳ ಉತ್ತರ ಅಲ್ಲೇ ಕಣ್ಣಿಗೆ ಬೀಳುತ್ತದೆ. ನೋಡಿದ ಮೇಲೆ ಆ ತಾತ್ಕಾಲಿಕ ಸಾಲನ್ನು ತೆಗೆಯಲು ಮರೆಯಬಾರದು.

ಕೊನೆಯ ಫಲಿತಾಂಶ ಎಂದು ವಿಂಡೋಸ್ ತೋರಿಸುವ ದೊಡ್ಡ ಸಂಖ್ಯೆಗಳ ಅರ್ಥವೇನು?

ಪವರ್‌ಶೆಲ್ ಮೂಲಕ ಕೇಳಿದಾಗ ಅವು ದಶಮಾನದಲ್ಲಿ ಬರುತ್ತವೆ, ಕಿಟಕಿಯಲ್ಲಿ ಷೋಡಶಮಾನದಲ್ಲಿ, ಎರಡೂ ಒಂದೇ. 267009 ಎಂದರೆ ಕೆಲಸ ಈಗಲೂ ಓಡುತ್ತಿದೆ, 267011 ಎಂದರೆ ಇದುವರೆಗೆ ಒಮ್ಮೆಯೂ ಓಡಿಲ್ಲ, 267014 ಎಂದರೆ ನಡುವೆ ನಿಲ್ಲಿಸಲಾಗಿದೆ. ಇವು ದೋಷಗಳಲ್ಲ, ಸ್ಥಿತಿಗಳು. 2147942402 ಬಂದರೆ ಹೇಳಿದ ಫೈಲ್ ಸಿಗಲಿಲ್ಲ. 2147943726 ಬಂದರೆ ಖಾತೆಯ ಹೆಸರು ಅಥವಾ ಪಾಸ್‌ವರ್ಡ್ ತಪ್ಪು.

2147942667 ಎಂಬುದು ಫೋಲ್ಡರಿನ ಹೆಸರು ಸರಿಯಿಲ್ಲ ಎನ್ನುತ್ತದೆ, ಮತ್ತು ಇದರ ಹಿಂದೆ ಹೆಚ್ಚಾಗಿ ಇರುವುದು ಒಂದೇ ಕಾರಣ: ಪ್ರೋಗ್ರಾಂನ ಹಾದಿಯಲ್ಲಿ ಖಾಲಿ ಜಾಗವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕೆಂದು ಕಲಿತವರು "ಸ್ಟಾರ್ಟ್ ಇನ್" ಅಂಕಣದಲ್ಲೂ ಅದೇ ಚಿಹ್ನೆಗಳನ್ನು ಹಾಕಿರುತ್ತಾರೆ. ಆ ಅಂಕಣದಲ್ಲಿ ಖಾಲಿ ಜಾಗವಿದ್ದರೂ ಚಿಹ್ನೆ ಹಾಕಬಾರದು.

ಫಲಿತಾಂಶ ಬರೀ 1 ಎಂದಿದ್ದರೆ ಅದು ಶೆಡ್ಯೂಲರ್ ಹೇಳಿದ ಮಾತಲ್ಲ, ನಿಮ್ಮ ಸ್ಕ್ರಿಪ್ಟ್ ಹಿಂದಿರುಗಿಸಿದ ಸಂಖ್ಯೆ. ಅದರ ಅರ್ಥವನ್ನು ಸ್ಕ್ರಿಪ್ಟಿನೊಳಗೇ ಹುಡುಕಬೇಕು. ಫೈಲ್ ನಕಲು ಮಾಡುವ ರೋಬೋಕಾಪಿ ಆಜ್ಞೆ ಬಳಸುವವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು, ಏಕೆಂದರೆ ಅದರ ಲೆಕ್ಕದಲ್ಲಿ 1 ಎಂದರೆ ಫೈಲ್‌ಗಳು ಸರಿಯಾಗಿ ನಕಲಾದವು ಎಂದರ್ಥ. 0 ಎಂದರೆ ನಕಲು ಮಾಡಲು ಏನೂ ಇರಲಿಲ್ಲ. ನಿಜವಾದ ವೈಫಲ್ಯ 8 ಮತ್ತು ಅದಕ್ಕಿಂತ ಮೇಲಿನ ಸಂಖ್ಯೆಗಳಲ್ಲಿ ಮಾತ್ರ.

ನೆಟ್‌ವರ್ಕ್ ಡ್ರೈವ್ ಸ್ಕ್ರಿಪ್ಟಿಗೆ ಏಕೆ ಕಾಣುವುದಿಲ್ಲ?

ಝಡ್ ಎಂಬ ಅಕ್ಷರಕ್ಕೆ ಜೋಡಿಸಿದ ಡ್ರೈವ್ ನಿಮ್ಮ ಲಾಗಿನ್‌ಗೆ ಸೇರಿದ್ದು, ಯಂತ್ರಕ್ಕೆ ಸೇರಿದ್ದಲ್ಲ. ಸರ್ವರಿನ ಹೆಸರಿನಿಂದ ಆರಂಭವಾಗುವ ಪೂರ್ಣ ಹಾದಿಯನ್ನು ಬರೆಯಿರಿ. ಆಗಲೂ ಸಿಗದಿದ್ದರೆ ಮುಂದಿನ ಉತ್ತರ ನೋಡಿ.

ಯಾವ ಖಾತೆಯ ಹೆಸರಿನಲ್ಲಿ ಓಡಿಸುವುದು ಸರಿ? ಪಾಸ್‌ವರ್ಡ್ ಬದಲಾದಾಗಲೆಲ್ಲ ಕೆಲಸಗಳು ನಿಲ್ಲುತ್ತವೆ.

ಮನುಷ್ಯರ ಖಾತೆಯಲ್ಲಿ ಓಡಿಸಬಾರದು. ಆ ವ್ಯಕ್ತಿ ಪಾಸ್‌ವರ್ಡ್ ಬದಲಿಸಿದರೂ ಕೆಲಸ ನಿಲ್ಲುತ್ತದೆ, ಕಂಪನಿ ಬಿಟ್ಟರೂ ನಿಲ್ಲುತ್ತದೆ. ಶೆಡ್ಯೂಲರ್ ಉಳಿಸಿಕೊಂಡಿರುವ ಹಳೆಯ ಪಾಸ್‌ವರ್ಡ್ ಮತ್ತೆ ಮತ್ತೆ ತಪ್ಪಾಗಿ ಹೋಗಿ, ಅವರ ಖಾತೆಯೇ ಲಾಕ್ ಆಗಿ, ಅವರು ಸೋಮವಾರ ಬೆಳಿಗ್ಗೆ ಹೆಲ್ಪ್‌ಡೆಸ್ಕ್‌ಗೆ ಫೋನ್ ಮಾಡುವುದೂ ಉಂಟು. ಡೊಮೈನ್ (ಕಂಪನಿಯ ಖಾತೆಗಳನ್ನೂ ಯಂತ್ರಗಳನ್ನೂ ಒಂದೆಡೆಯಿಂದ ನಿರ್ವಹಿಸುವ ವಿಂಡೋಸ್ ವ್ಯವಸ್ಥೆ) ಇರುವ ಕಡೆ ಗ್ರೂಪ್ ಮ್ಯಾನೇಜ್ಡ್ ಸರ್ವೀಸ್ ಅಕೌಂಟ್ ಎಂಬ ವ್ಯವಸ್ಥೆಯನ್ನು ಬಳಸಿದರೆ ಪಾಸ್‌ವರ್ಡನ್ನು ಡೊಮೈನ್ ತಾನೇ ಬದಲಿಸುತ್ತ ಹೋಗುತ್ತದೆ, ಯಾರೂ ಅದನ್ನು ನೆನಪಿಡಬೇಕಾಗಿಲ್ಲ. ಅದು ಸಾಧ್ಯವಿಲ್ಲದಿದ್ದರೆ ಆ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಖಾತೆ ಮಾಡಿ, ಅದಕ್ಕೆ ಬ್ಯಾಚ್ ಕೆಲಸವಾಗಿ ಲಾಗಿನ್ ಆಗುವ ಹಕ್ಕನ್ನು ಕೊಡಿ. ಈ ಹಕ್ಕು ಗ್ರೂಪ್ ಪಾಲಿಸಿಯಿಂದ ಬರುವಂಥದ್ದು. ನೀವು ಯಂತ್ರದಲ್ಲಿ ಕೊಟ್ಟದ್ದನ್ನು ಮೇಲಿನ ಪಾಲಿಸಿ ಮರುದಿನ ಕಿತ್ತುಕೊಂಡಿರಬಹುದು.

"ಪಾಸ್‌ವರ್ಡ್ ಉಳಿಸಬೇಡ" ಎಂಬ ಗುರುತು ಸುರಕ್ಷಿತವೆಂದು ತೋರಿದರೂ ಅದಕ್ಕೆ ಬೆಲೆ ಇದೆ: ಹಾಗೆ ಓಡುವ ಕೆಲಸಕ್ಕೆ ಆ ಯಂತ್ರದ ಸಂಪನ್ಮೂಲಗಳು ಮಾತ್ರ ದಕ್ಕುತ್ತವೆ, ನೆಟ್‌ವರ್ಕಿನಲ್ಲಿರುವ ಶೇರ್‌ಗಳು ದಕ್ಕುವುದಿಲ್ಲ. ಪೂರ್ಣ ಹಾದಿ ಬರೆದರೂ ಪ್ರವೇಶ ನಿರಾಕರಣೆ ಬರುತ್ತಿದ್ದರೆ ಈ ಗುರುತನ್ನೇ ಮೊದಲು ಶಂಕಿಸಬೇಕು.

ಲಿನಕ್ಸ್‌ನಲ್ಲೂ ಪಾಸ್‌ವರ್ಡಿನ ಅವಧಿ ಮುಗಿದ ಖಾತೆಯ ಕ್ರಾನ್ ಕೆಲಸಗಳು ಪ್ಯಾಮ್ ಎಂಬ ಖಾತೆ ತಪಾಸಣೆಯಲ್ಲಿ ಸೋತು ನಿಲ್ಲುತ್ತವೆ. ಎಸ್‌ಎಸ್‌ಎಚ್ ಕೀಲಿಯಿಂದ ಮಾತ್ರ ಒಳಬರುವ ಖಾತೆಗೂ ಪಾಸ್‌ವರ್ಡ್ ಅವಧಿ ಇರಬಹುದೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. "ಚೇಜ್ -ಎಲ್" ಆಜ್ಞೆ ಅದನ್ನು ತೋರಿಸುತ್ತದೆ.

ಲ್ಯಾಪ್‌ಟಾಪಿನಲ್ಲಿ ಇಟ್ಟ ಕೆಲಸ ಒಮ್ಮೊಮ್ಮೆ ಮಾತ್ರ ಓಡುತ್ತದೆ.

ಕರೆಂಟಿಗೆ ಜೋಡಿಸಿದ್ದಾಗ ಮಾತ್ರ ಓಡು ಎಂಬ ಷರತ್ತು ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೊದಲಿನಿಂದಲೇ ಆನ್ ಆಗಿರುತ್ತದೆ. ತಪ್ಪಿದ ಕೆಲಸವನ್ನು ಆಮೇಲೆ ಓಡಿಸು ಎಂಬ ಆಯ್ಕೆ ಮೊದಲಿನಿಂದಲೇ ಆಫ್ ಆಗಿರುತ್ತದೆ. ಎರಡನ್ನೂ ಬದಲಿಸಿ.

ಕ್ರಾನ್‌ಟ್ಯಾಬ್‌ನಲ್ಲಿ ಸಾಲು ಸರಿಯಾಗಿಯೇ ಇದೆ, ಆದರೂ ಓಡುವುದಿಲ್ಲ. ಏನನ್ನು ಪರಿಶೀಲಿಸಬೇಕು?

ಶೇಕಡಾ ಚಿಹ್ನೆಯನ್ನು ಮೊದಲು ಹುಡುಕಿ. ಬ್ಯಾಕಪ್ ಫೈಲಿನ ಹೆಸರಿಗೆ ದಿನಾಂಕ ಸೇರಿಸಲು "ಡೇಟ್" ಆಜ್ಞೆಯನ್ನು ಬಳಸುವಾಗ % ಅನಿವಾರ್ಯ, ಆದರೆ ಕ್ರಾನ್‌ಟ್ಯಾಬ್‌ನಲ್ಲಿ % ಎಂದರೆ ಹೊಸ ಸಾಲು. ಅದರ ನಂತರದ ಭಾಗವೆಲ್ಲ ಆಜ್ಞೆಯಿಂದ ಕತ್ತರಿಸಿಹೋಗಿ, ಆಜ್ಞೆಗೆ ಇನ್‌ಪುಟ್ ಆಗಿ ಸೇರುತ್ತದೆ. ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಹಾಕಿ \% ಎಂದು ಬರೆಯಬೇಕು, ಅಥವಾ ಇಡೀ ಆಜ್ಞೆಯನ್ನು ಒಂದು ಸ್ಕ್ರಿಪ್ಟಿನೊಳಗೆ ಇಟ್ಟು ಕ್ರಾನ್‌ಟ್ಯಾಬ್‌ನಲ್ಲಿ ಆ ಸ್ಕ್ರಿಪ್ಟಿನ ಹೆಸರನ್ನಷ್ಟೇ ಬರೆಯಬೇಕು. ಎರಡನೆಯದೇ ಮೇಲು.

ಉಳಿದಂತೆ, ಫೈಲಿನ ಕೊನೆಯ ಸಾಲಿನ ನಂತರ ಎಂಟರ್ ಇರಬೇಕು. ಡೆಬಿಯನ್ ಬಳಗದಲ್ಲಿ /ಇಟಿಸಿ/ಕ್ರಾನ್.ಡಿ ಫೋಲ್ಡರಿಗೆ ಹಾಕುವ ಫೈಲಿನ ಹೆಸರಿನಲ್ಲಿ ಚುಕ್ಕೆ ಇರಬಾರದು, ".ಎಸ್‌ಎಚ್" ಎಂಬ ಬಾಲವಿದ್ದರೆ ಕ್ರಾನ್ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಅದೇ ಫೋಲ್ಡರಿನ ಸಾಲುಗಳಲ್ಲಿ ಸಮಯದ ಐದು ಅಂಕಣಗಳ (ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ) ನಂತರ ಬಳಕೆದಾರನ ಹೆಸರು ಬರಬೇಕು, ಸ್ವಂತ ಕ್ರಾನ್‌ಟ್ಯಾಬ್‌ನಲ್ಲಿ ಬರಬಾರದು. ವಿಂಡೋಸ್‌ನಲ್ಲಿ ಬರೆದು ಲಿನಕ್ಸಿಗೆ ಸಾಗಿಸಿದ ಸ್ಕ್ರಿಪ್ಟಾದರೆ ಸಾಲುಗಳ ತುದಿಯನ್ನು "ಡಾಸ್‌2ಯುನಿಕ್ಸ್" ಮೂಲಕ ಸರಿಪಡಿಸಿಕೊಳ್ಳಿ.

13ನೇ ತಾರೀಖು ಶುಕ್ರವಾರವಾದಾಗ ಮಾತ್ರ ಓಡಲಿ ಎಂದು "30 1 13 * 5" ಎಂದು ಬರೆದರೆ ಪ್ರತಿ ಶುಕ್ರವಾರವೂ ಓಡುತ್ತದೆ. ಏಕೆ?

ತಾರೀಖು ಮತ್ತು ವಾರ ಎರಡನ್ನೂ ನಿರ್ದಿಷ್ಟವಾಗಿ ಹೇಳಿದಾಗ ಕ್ರಾನ್ ಅವುಗಳ ನಡುವೆ "ಮತ್ತು" ಎಂದು ಓದುವುದಿಲ್ಲ, "ಅಥವಾ" ಎಂದು ಓದುತ್ತದೆ. ಹೀಗಾಗಿ ಆ ಸಾಲು ಪ್ರತಿ 13ರಂದೂ ಪ್ರತಿ ಶುಕ್ರವಾರವೂ ರಾತ್ರಿ 1:30ಕ್ಕೆ ಓಡುತ್ತದೆ. ತಿಂಗಳ ಎರಡನೇ ಶನಿವಾರ ಓಡಿಸಬೇಕಾದವರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ತಾರೀಖಿನ ಅಂಕಣದಲ್ಲಿ 8-14 ಎಂದು ಮಾತ್ರ ಬರೆದು, ಇಂದು ಶನಿವಾರವೇ ಎಂಬ ಪರೀಕ್ಷೆಯನ್ನು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಮಾಡುವುದು ಸರಿಯಾದ ದಾರಿ.

ಕೆಲಸ ಐದೂವರೆ ಗಂಟೆ ತಡವಾಗಿ, ಅಥವಾ ವರ್ಷಕ್ಕೆರಡು ಬಾರಿ ಒಂದು ಗಂಟೆ ಆಚೀಚೆ ಓಡುತ್ತದೆ.

ಐದೂವರೆ ಗಂಟೆಯ ವ್ಯತ್ಯಾಸ ಕಂಡರೆ ಸರ್ವರ್ ಯುಟಿಸಿಯಲ್ಲಿ, ಅಂದರೆ ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲಿ, ಇದೆ ಎಂದೇ ಅರ್ಥ. ಕ್ಲೌಡಿನಲ್ಲಿ ಪಡೆದ ಯಂತ್ರಗಳು ಬಹುತೇಕ ಹಾಗೇ ಬರುತ್ತವೆ. ಇದು ಸಮಯದ ತೊಂದರೆ ಮಾತ್ರವಲ್ಲ, ತಾರೀಖಿನ ತೊಂದರೆಯೂ ಹೌದು. ಭಾರತದ ಬೆಳಗಿನ 4 ಗಂಟೆ ಎಂದರೆ ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 10:30. ಆ ಹೊತ್ತಿಗೆ ಓಡಿ ಫೈಲಿನ ಹೆಸರಿಗೆ ದಿನಾಂಕ ಹಚ್ಚುವ ಸ್ಕ್ರಿಪ್ಟ್ ನಿನ್ನೆಯ ದಿನಾಂಕ ಹಚ್ಚುತ್ತದೆ. ಪ್ರತಿ ತಿಂಗಳ 1ರ ಬೆಳಿಗ್ಗೆ 4ಕ್ಕೆ ಓಡಬೇಕಾದ ಲೆಕ್ಕಪತ್ರದ ಕೆಲಸವಂತೂ ಯುಟಿಸಿಯಲ್ಲಿ ಹಿಂದಿನ ತಿಂಗಳ ಕೊನೆಯ ದಿನಕ್ಕೆ ಬೀಳುತ್ತದೆ. ಆ ದಿನ 28, 29, 30, 31ರಲ್ಲಿ ಯಾವುದೂ ಆಗಬಹುದಾದ್ದರಿಂದ ಅದನ್ನು ಕ್ರಾನ್‌ನ ಒಂದು ಸರಳ ಸಾಲಿನಲ್ಲಿ ಬರೆಯಲು ಆಗುವುದೇ ಇಲ್ಲ. ಸರ್ವರಿನ ವಲಯವನ್ನು ಏಷ್ಯಾ/ಕೋಲ್ಕತಾ ಎಂದು ಬದಲಿಸುವುದಾದರೆ ಬದಲಿಸಿದ ಮೇಲೆ ಕ್ರಾನ್ ಸೇವೆಯನ್ನು ರೀಸ್ಟಾರ್ಟ್ ಮಾಡಬೇಕು, ಇಲ್ಲವಾದರೆ ಅದು ಹಳೆಯ ವಲಯದಲ್ಲೇ ಮುಂದುವರಿಯಬಹುದು. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನ ಕ್ರಾನ್‌ಜಾಬ್‌ನಲ್ಲಿ 1.27ರ ಆವೃತ್ತಿಯಿಂದ ಪ್ರತಿ ಕೆಲಸಕ್ಕೂ ವಲಯವನ್ನು ಪ್ರತ್ಯೇಕವಾಗಿ ಹೇಳುವ ಸೌಲಭ್ಯ ಸ್ಥಿರವಾಗಿದೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸಮಯ ನಿಗದಿ ಮಾಡುವವರು ಇನ್ನೊಂದು ವಿಷಯವನ್ನೂ ಗಮನಿಸಬೇಕು: ಅಲ್ಲಿ ಒತ್ತಡ ಹೆಚ್ಚಿರುವ ಹೊತ್ತಿನಲ್ಲಿ ಕೆಲಸ ತಡವಾಗಿ ಆರಂಭವಾಗುವುದು ಸಹಜ.

ವರ್ಷಕ್ಕೆರಡು ಬಾರಿಯ ತೊಂದರೆ ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಸರ್ವರ್‌ಗಳನ್ನು ನೋಡಿಕೊಳ್ಳುವವರದ್ದು. ಅಲ್ಲಿ ಮಾರ್ಚಿನ ಎರಡನೇ ಭಾನುವಾರ ರಾತ್ರಿ 2 ಗಂಟೆಗೆ ಗಡಿಯಾರ 3ಕ್ಕೆ ಜಿಗಿಯುತ್ತದೆ. ನವೆಂಬರಿನ ಮೊದಲ ಭಾನುವಾರ 2 ಗಂಟೆಗೆ ಮತ್ತೆ 1ಕ್ಕೆ ಹಿಂದೆ ಸರಿಯುತ್ತದೆ. ಅಂದರೆ ಒಂದು ರಾತ್ರಿ 2:30 ಎಂಬ ಸಮಯವೇ ಇಲ್ಲ, ಇನ್ನೊಂದು ರಾತ್ರಿ 1:30 ಎರಡು ಬಾರಿ ಬರುತ್ತದೆ. ಡೆಬಿಯನ್‌ನ ಕ್ರಾನ್ ಇಂಥ ಸಣ್ಣ ಬದಲಾವಣೆಗಳನ್ನು ತಾನೇ ಸರಿದೂಗಿಸಲು ನೋಡುತ್ತದೆ, ಆದರೆ ಎಲ್ಲ ಶೆಡ್ಯೂಲರ್‌ಗಳೂ ಅದೇ ರೀತಿ ನಡೆದುಕೊಳ್ಳುತ್ತವೆ ಎಂದು ಭಾವಿಸಬಾರದು. ಅಮೆರಿಕದ ಸ್ಥಳೀಯ ಸಮಯದಲ್ಲಿ 1ರಿಂದ 3ರ ನಡುವೆ ಯಾವ ಮುಖ್ಯ ಕೆಲಸವನ್ನೂ ಇಡದಿರುವುದೇ ಅಗ್ಗದ ಪರಿಹಾರ. ನ್ಯೂಯಾರ್ಕಿಗೂ ನಮಗೂ ಇರುವ ಅಂತರ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಎಂಬುದನ್ನು ಶಿಫ್ಟ್ ಪಟ್ಟಿಯಲ್ಲಿ ಬರೆದಿಡಿ. ಅಲ್ಲಿ ಸರಿಯಾಗಿಯೇ ಓಡಿದ ಕೆಲಸವನ್ನು ಇಲ್ಲಿ "ತಡವಾಯಿತು" ಎಂದು ದಾಖಲಿಸುವುದು ನವೆಂಬರಿನ ವಾಡಿಕೆ.

ಹಿಂದಿನ ಸರದಿ ಮುಗಿಯುವ ಮೊದಲೇ ಮುಂದಿನದು ಆರಂಭವಾದರೆ?

ಟಾಸ್ಕ್ ಶೆಡ್ಯೂಲರ್ ತಾನಾಗಿ ಹೊಸ ಸರದಿಯನ್ನು ಕೈಬಿಡುತ್ತದೆ. ಕ್ರಾನ್‌ಗೆ ಆ ಪರಿವೆ ಇಲ್ಲ, ಐದು ನಿಮಿಷಕ್ಕೊಮ್ಮೆ ಎಂದರೆ ಐದು ನಿಮಿಷಕ್ಕೊಮ್ಮೆ ಹೊಸದನ್ನು ಹುಟ್ಟಿಸುತ್ತಲೇ ಇರುತ್ತದೆ. ಆಜ್ಞೆಯ ಮುಂದೆ "ಎಫ್‌ಲಾಕ್ -ಎನ್" ಸೇರಿಸಿ ಒಂದು ಲಾಕ್ ಫೈಲ್ ಕೊಟ್ಟರೆ ಸಾಕು, ಹಿಂದಿನದು ಓಡುತ್ತಿರುವಾಗ ಹೊಸದು ಆರಂಭವಾಗುವುದಿಲ್ಲ.

ವಿಂಡೋಸ್‌ನ ನಡವಳಿಕೆಗೂ ಇನ್ನೊಂದು ಮುಖವಿದೆ. ಯಾವುದೋ ಪ್ರೋಗ್ರಾಂ "ಈ ಫೈಲ್ ಈಗಾಗಲೇ ಇದೆ, ಬದಲಿಸಲೇ?" ಎಂದು ಯಾರಿಗೂ ಕಾಣದ ಪರದೆಯಲ್ಲಿ ಕೇಳುತ್ತ ಕುಳಿತಿದ್ದರೆ, ಕೆಲಸದ ಸ್ಥಿತಿ 267009ರಲ್ಲೇ ಇರುತ್ತದೆ, ಹೊಸ ಸರದಿಗಳೆಲ್ಲ 322 ಎಂದು ಬಿದ್ದುಹೋಗುತ್ತವೆ. ಮೊದಲಿನಿಂದ ಇರುವ ಕಾಲಮಿತಿ 3 ದಿನ. ಹತ್ತು ನಿಮಿಷದ ಕೆಲಸಕ್ಕೆ ಒಂದು ಗಂಟೆಯ ಮಿತಿ ಇಟ್ಟರೆ ಮೂರು ದಿನದ ನಷ್ಟ ಒಂದು ಗಂಟೆಗೆ ಇಳಿಯುತ್ತದೆ. ಎಕ್ಸೆಲ್ ತೆರೆದು ವರದಿ ಮಾಡುವ ಸ್ಕ್ರಿಪ್ಟ್‌ಗಳು ಹೀಗೆ ಸಿಕ್ಕಿಕೊಳ್ಳುವುದು ಹೆಚ್ಚು. ಆಫೀಸ್ ಪ್ರೋಗ್ರಾಂಗಳನ್ನು ಮನುಷ್ಯರಿಲ್ಲದ ಸರ್ವರಿನಲ್ಲಿ ಓಡಿಸುವುದಕ್ಕೆ ಮೈಕ್ರೋಸಾಫ್ಟಿನ ಬೆಂಬಲವೇ ಇಲ್ಲ. ಎಕ್ಸೆಲ್ ಫೈಲನ್ನು ನೇರವಾಗಿ ಬರೆಯುವ ಲೈಬ್ರರಿ ಬಳಸಿ.

ವರದಿಯಲ್ಲಿ ಕನ್ನಡ ಹೆಸರುಗಳ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ, ಅಥವಾ ಸ್ಕ್ರಿಪ್ಟೇ ನಿಲ್ಲುತ್ತದೆ.

ವಿಂಡೋಸ್‌ನಲ್ಲಿ ಪೈಥಾನ್ ಕಿಟಕಿಗೆ ಬರೆಯುವಾಗ ಯೂನಿಕೋಡನ್ನೇ ಬಳಸುತ್ತದೆ. ಅದೇ ಔಟ್‌ಪುಟ್ಟನ್ನು ಲಾಗ್ ಫೈಲಿಗೆ ತಿರುಗಿಸಿದೊಡನೆ ಯಂತ್ರದ ಹಳೆಯ ಕೋಡ್ ಪೇಜಿಗೆ ಇಳಿಯುತ್ತದೆ, ಅದರಲ್ಲಿ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ಕಣ್ಣೆದುರು ಸರಿಯಾಗಿ ಓಡಿದ ಸ್ಕ್ರಿಪ್ಟ್ ಶೆಡ್ಯೂಲರಿನಲ್ಲಿ ಮೊದಲ ಕನ್ನಡ ಹೆಸರಿಗೇ ಎನ್‌ಕೋಡ್ ದೋಷ ಕೊಟ್ಟು ಬೀಳುತ್ತದೆ. ಪೈಥಾನ್‌ಯುಟಿಎಫ್8 ಎಂಬ ಪರಿಸರ ಚರಕ್ಕೆ 1 ಎಂದು ಬೆಲೆ ಕೊಟ್ಟರೆ ಇದು ಪರಿಹಾರವಾಗುತ್ತದೆ. ಪವರ್‌ಶೆಲ್ 5.1 ಬಳಸುವವರು ಕನ್ನಡ ಇರುವ ಸ್ಕ್ರಿಪ್ಟನ್ನು ಬಿಒಎಂ (ಫೈಲಿನ ಆರಂಭದಲ್ಲಿರುವ ಎನ್‌ಕೋಡಿಂಗ್ ಗುರುತು) ಸಹಿತವಾದ ಯುಟಿಎಫ್-8ರಲ್ಲಿ ಉಳಿಸಬೇಕು. ಪವರ್‌ಶೆಲ್ 7ಕ್ಕೆ ಆ ಅಗತ್ಯವಿಲ್ಲ.

ಫಲಿತಾಂಶ 0 ಎಂದೇ ಬರುತ್ತದೆ, ಆದರೆ ಕೆಲಸ ಆಗಿರುವುದಿಲ್ಲ. ಇದು ಹೇಗೆ ಸಾಧ್ಯ?

ಈ ಪುಟದಲ್ಲಿ ಹೆಚ್ಚು ಭಯ ಹುಟ್ಟಿಸಬೇಕಾದ ಪ್ರಶ್ನೆ ಇದು, ಏಕೆಂದರೆ ಯಾರೂ ದೂರು ಕೊಡುವುದಿಲ್ಲ. ಶೆಡ್ಯೂಲರ್‌ಗೆ ನಿಮ್ಮ ಕೆಲಸದ ಉದ್ದೇಶ ಗೊತ್ತಿಲ್ಲ. ಕೊನೆಯಲ್ಲಿ ಯಾವ ಸಂಖ್ಯೆ ಕೈಗೆ ಬಂತು ಎಂಬುದಷ್ಟೇ ಗೊತ್ತು.

ಡೇಟಾಬೇಸಿನ ಡಂಪನ್ನು (ಪೂರ್ತಿ ನಕಲನ್ನು) ಪೈಪ್ (ಒಂದು ಆಜ್ಞೆಯ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಕೊಂಡಿ) ಮೂಲಕ ಫೈಲ್ ಕುಗ್ಗಿಸುವ ಜಿಜಿಪ್‌ಗೆ ಕೊಟ್ಟು ಫೈಲಿಗೆ ಬರೆಯುವ ಸಾಲನ್ನು ತೆಗೆದುಕೊಳ್ಳಿ. ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿ ಡಂಪ್ ವಿಫಲವಾಯಿತು ಎಂದುಕೊಳ್ಳೋಣ. ಜಿಜಿಪ್ ತನಗೆ ಬಂದ ಶೂನ್ಯವನ್ನು ನಿಷ್ಠೆಯಿಂದ ಕುಗ್ಗಿಸಿ, ಫೈಲ್ ಬರೆದು, 0 ಎಂದು ಹಿಂದಿರುಗಿಸುತ್ತದೆ. ಶೆಲ್ ಪೈಪಿನ ಕೊನೆಯ ಆಜ್ಞೆಯ ಫಲಿತಾಂಶವನ್ನೇ ಇಡೀ ಸಾಲಿನ ಫಲಿತಾಂಶವೆಂದು ಹೇಳುತ್ತದೆ. ಫೋಲ್ಡರಿನಲ್ಲಿ ದಿನಕ್ಕೊಂದು ಫೈಲ್, ಸರಿಯಾದ ಹೆಸರು, ಸರಿಯಾದ ದಿನಾಂಕ. ಗಾತ್ರ ಮಾತ್ರ ಪ್ರತಿಯೊಂದೂ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಉಳಿಯುವುದು ಅಷ್ಟೇ. ಮೂವತ್ತು ದಿನಕ್ಕಿಂತ ಹಳೆಯ ಬ್ಯಾಕಪ್ ಅಳಿಸುವ ಇನ್ನೊಂದು ಸಾಲು ಕೆಳಗಿದ್ದರೆ, ಒಂದು ತಿಂಗಳಲ್ಲಿ ನಿಜವಾದ ಬ್ಯಾಕಪ್‌ಗಳೆಲ್ಲ ಹೋಗಿ 20 ಬೈಟಿನ ಫೈಲ್‌ಗಳು ಮಾತ್ರ ಉಳಿದಿರುತ್ತವೆ.

ಬ್ಯಾಷ್‌ನಲ್ಲಿ "ಸೆಟ್ -ಒ ಪೈಪ್‌ಫೇಲ್" ಎಂಬ ಸಾಲು ಪೈಪಿನ ನಡುವಿನ ವೈಫಲ್ಯವನ್ನೂ ಹೊರಗೆ ತರುತ್ತದೆ. ಅದರ ಜೊತೆಗೆ ಫೈಲಿನ ಗಾತ್ರವನ್ನು ಹಿಂದಿನ ದಿನದ್ದರ ಜೊತೆ ಹೋಲಿಸುವ ಒಂದು ಪರೀಕ್ಷೆ ಇರಲಿ, ಮತ್ತು ಆ ಪರೀಕ್ಷೆ ಗೆದ್ದ ಮೇಲೆ ಮಾತ್ರ ಹಳೆಯದನ್ನು ಅಳಿಸುವ ಸಾಲು ಓಡಲಿ. ಪವರ್‌ಶೆಲ್‌ನಲ್ಲಿ ಬಹಳಷ್ಟು ದೋಷಗಳು ಕೆಂಪು ಅಕ್ಷರಗಳನ್ನು ಚೆಲ್ಲಿ ಮುಂದೆ ಸಾಗುವಂಥವು. ಎರರ್‌ಆಕ್ಷನ್‌ಪ್ರಿಫರೆನ್ಸ್ ಚರಕ್ಕೆ ಸ್ಟಾಪ್ ಎಂದು ಹೇಳದಿದ್ದರೆ ಫಲಿತಾಂಶ 0 ಆಗಿಯೇ ಉಳಿಯುತ್ತದೆ. ಸ್ಕ್ರಿಪ್ಟನ್ನು "-ಫೈಲ್" ಮೂಲಕ ಓಡಿಸಿ. "-ಕಮಾಂಡ್" ಮೂಲಕ ಓಡಿಸಿದರೆ ನೀವು ಎಚ್ಚರಿಕೆಯಿಂದ ಹಿಂದಿರುಗಿಸಿದ 5, 9 ಎಲ್ಲವೂ 1 ಆಗಿಬಿಡುತ್ತವೆ.

ಕೆಲಸ ಓಡದಿದ್ದಾಗ ನಮಗೆ ತಿಳಿಯುವುದು ಹೇಗೆ?

ಓಡದ ಸ್ಕ್ರಿಪ್ಟ್ ತಾನು ಓಡಲಿಲ್ಲ ಎಂದು ಮೇಲ್ ಕಳಿಸಲಾರದು. ಔಟ್‌ಪುಟ್ಟನ್ನು ಮೇಲ್ ಮಾಡುವ ಕ್ರಾನ್‌ನ ಮೇಲ್‌ಟು ಸೌಲಭ್ಯವೂ ಸರ್ವರಿನಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ವ್ಯರ್ಥ. ಡೆಬಿಯನ್‌ನಲ್ಲಿ ಔಟ್‌ಪುಟ್ಟನ್ನು ಎಸೆದದ್ದರ ಒಂದು ಸಾಲು ಲಾಗ್‌ನಲ್ಲಿ ಉಳಿಯುತ್ತದೆ, ಅಷ್ಟೇ. ಆದ್ದರಿಂದ ಎಚ್ಚರಿಕೆಯ ಗಂಟೆ ಬೇರೆ ಯಂತ್ರದಲ್ಲಿರಬೇಕು: ಸ್ಕ್ರಿಪ್ಟ್ ಯಶಸ್ವಿಯಾಗಿ ಮುಗಿದಾಗ ಮಾತ್ರ ಅಲ್ಲಿಗೆ ಒಂದು ಸಂದೇಶ ಹೋಗಲಿ, ನಿಗದಿತ ಹೊತ್ತಿನೊಳಗೆ ಸಂದೇಶ ಬರದಿದ್ದರೆ ಆ ಯಂತ್ರ ನಿಮ್ಮನ್ನು ಎಬ್ಬಿಸಲಿ.

ಕ್ರಾನ್ ಬಿಟ್ಟು ಲಿನಕ್ಸ್‌ನ ಇನ್ನೊಂದು ಶೆಡ್ಯೂಲರ್ ಆದ ಸಿಸ್ಟಂಡಿ ಟೈಮರ್‌ಗೆ ಹೋಗಬೇಕೇ?

ಹೊಸ ಕೆಲಸಗಳಿಗೆ ಹೌದು ಎನ್ನುತ್ತೇವೆ. ಔಟ್‌ಪುಟ್ ಮತ್ತು ಫಲಿತಾಂಶದ ಸಂಖ್ಯೆ ಎರಡೂ ಜರ್ನಲ್‌ನಲ್ಲಿ ತಾವಾಗಿಯೇ ಸೇರುತ್ತವೆ, ಪರ್ಸಿಸ್ಟೆಂಟ್ ಎಂಬ ಆಯ್ಕೆ ಯಂತ್ರ ಆಫ್ ಇದ್ದಾಗ ತಪ್ಪಿದ ಸರದಿಯನ್ನು ಮತ್ತೆ ಓಡಿಸುತ್ತದೆ, ಒಂದೇ ಕೆಲಸ ಒಂದರ ಮೇಲೊಂದು ಓಡುವುದಿಲ್ಲ. ಚೆನ್ನಾಗಿ ನಡೆಯುತ್ತಿರುವ ಹಳೆಯ ಕ್ರಾನ್ ಸಾಲುಗಳನ್ನು ಸುಮ್ಮನೆ ಕೆದಕಬೇಕಾಗಿಲ್ಲ.

ಸಾಲುಗಳನ್ನು ತಿದ್ದಲು "ಕ್ರಾನ್‌ಟ್ಯಾಬ್ -ಇ" ಎಂದು ಒತ್ತುವ ಬದಲು "-ಆರ್" ಎಂದು ಒತ್ತಿದೆ. ಎಲ್ಲ ಸಾಲುಗಳೂ ಹೋದವು. ಮರಳಿ ಪಡೆಯಬಹುದೇ?

ಕೀಲಿಮಣೆಯಲ್ಲಿ ಆ ಎರಡು ಕೀಲಿಗಳು ಅಕ್ಕಪಕ್ಕದಲ್ಲಿವೆ, ಮತ್ತು "-ಆರ್" ಏನನ್ನೂ ಕೇಳದೆ ಅಳಿಸುತ್ತದೆ. ಮೊದಲು ಸರ್ವರಿನ ಬ್ಯಾಕಪ್‌ನಲ್ಲಿ /ವಾರ್/ಸ್ಪೂಲ್/ಕ್ರಾನ್ ಫೋಲ್ಡರ್ ಇದೆಯೇ ನೋಡಿ. ಇಲ್ಲದಿದ್ದರೆ ಕ್ರಾನ್‌ನ ಲಾಗ್‌ನಿಂದ ಆ ಬಳಕೆದಾರನ ಹೆಸರಿನಲ್ಲಿ ಓಡಿದ ಆಜ್ಞೆಗಳನ್ನೆಲ್ಲ ಹೆಕ್ಕಿ, ಪ್ರತಿಯೊಂದೂ ಯಾವ ಯಾವ ಹೊತ್ತಿಗೆ ಓಡಿದೆ ಎಂಬುದನ್ನು ನೋಡಿ ಸಮಯದ ಅಂಕಣಗಳನ್ನು ಮತ್ತೆ ಕಟ್ಟಬಹುದು. ನಿತ್ಯದ ಮತ್ತು ವಾರದ ಕೆಲಸಗಳು ಹೀಗೆ ಪೂರ್ತಿಯಾಗಿ ಸಿಗುತ್ತವೆ. ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಓಡುವ ಕೆಲಸಗಳ ಸಾಲುಗಳು ಲಾಗ್ ತಿರುಗುವಾಗ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚಿರುವುದರಿಂದ, ಅವುಗಳಿಗಾಗಿ ಆ ವರದಿಗಳನ್ನು ಪಡೆಯುವ ವಿಭಾಗದವರನ್ನೇ ಕೇಳಬೇಕಾಗುತ್ತದೆ.